ಮೋವಾ ಮುಗಿದ ಲೆಕ್ಕ, ಎರೆಭೂತದ ಲೆಕ್ಕ

ನ್ಯೂಜಿಲೆಂಡಿನಲ್ಲಿ ಒಂದು ಕಾಲಕ್ಕೆ ಒಂಬತ್ತು ಜಾತಿಯ ಮೋವಾ ಹಕ್ಕಿಗಳಿದ್ದವು. ರೆಕ್ಕೆಯ ಕುರುಹೂ ಇಲ್ಲದೆ ನೆಲದ ಮೇಲೇ ಬಾಳಿದವು. ದೊಡ್ಡ ಜಾತಿಯ ಹೆಣ್ಣು 200 ಕಿಲೋ ಮೀರಿ ತೂಗುತ್ತಿತ್ತು. ಸುಮಾರು 1300ರ ಹೊತ್ತಿಗೆ ಮಾವೊರಿ ಜನರ ಪೂರ್ವಜರು ಪಾಲಿನೇಷ್ಯಾದಿಂದ ದೋಣಿಗಳಲ್ಲಿ ಬಂದಿಳಿದರು. ಒಂದೂವರೆ ಶತಮಾನದ ಆಸುಪಾಸಿನಲ್ಲಿ ಮೋವಾ ಸಂತತಿಯೇ ಮುಗಿಯಿತು. ಅದನ್ನು ತಿಂದು ಬದುಕುತ್ತಿದ್ದ ಹಾಸ್ಟ್ ಹದ್ದೂ ಅದರ ಹಿಂದೆಯೇ ಹೋಯಿತು.

ಹಾಗಾದರೆ ಲಕ್ಷಗಟ್ಟಲೆ ಜನ ಬೇಟೆಯಾಡಿರಬೇಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲ. ಆಗ ಇಡೀ ನಾಡಿನಲ್ಲಿದ್ದವರು 2,500 ಮೀರಿರಲಾರರು ಎಂಬ ಅಂದಾಜಿದೆ. ಹವಾಮಾನದ ಮೇಲೂ ತಪ್ಪು ಹೊರಿಸುವಂತಿಲ್ಲ. ಜನ ಕಾಲಿಡುವ ಮೊದಲು ಹಕ್ಕಿಗಳ ಸಂಖ್ಯೆ ಕುಸಿಯುತ್ತಿರಲಿಲ್ಲ ಎಂದು ಮೂಳೆಗಳಲ್ಲಿ ಸಿಕ್ಕ ಡಿಎನ್‌ಎ ಹೇಳುತ್ತದೆ.

ಉತ್ತರ ಇರುವುದು ಅದೇ ಮೂಳೆಗಳ ಒಳಗೆ. ಮರದ ಕಾಂಡದಲ್ಲಿರುವಂತೆ ಮೋವಾ ಮೂಳೆಯಲ್ಲೂ ಬೆಳವಣಿಗೆಯ ಉಂಗುರಗಳಿವೆ. ಎಣಿಸಿದರೆ, ಕೆಲವು ಜಾತಿಗಳು ಪೂರ್ತಿ ಬಲಿಯಲು ಹತ್ತು ವರ್ಷದವರೆಗೂ ಹಿಡಿಯುತ್ತಿತ್ತು. ಇಡುತ್ತಿದ್ದದ್ದು ಒಂದೋ ಎರಡೋ ಮೊಟ್ಟೆ. ಜನ ಹಕ್ಕಿಯನ್ನೂ ತಿಂದರು, ಮೊಟ್ಟೆಯನ್ನೂ ತಿಂದರು.

ಒಂದು ಲೆಕ್ಕ ಹಾಕಿ ನೋಡಿ. ನೂರು ಹೆಣ್ಣು ಹಕ್ಕಿಗಳಿವೆ ಎಂದುಕೊಳ್ಳೋಣ. ವರ್ಷಕ್ಕೆ ಹತ್ತು ಸಹಜವಾಗಿ ಸಾಯುತ್ತವೆ, ಹತ್ತು ಮರಿಗಳು ಬಲಿತು ಗುಂಪು ಸೇರುತ್ತವೆ. ಸರಿಹೋಯಿತು. ಇದರ ಮೇಲೆ ಪ್ರತಿ ವರ್ಷ ನೂರಕ್ಕೆ ಮೂರರಂತೆ ಹೆಚ್ಚು ಸತ್ತರೆ, 23 ವರ್ಷಕ್ಕೆ ಗುಂಪು ಅರ್ಧವಾಗಿರುತ್ತದೆ. ಮೂರು ಹಕ್ಕಿ ಕಡಿಮೆಯಾದದ್ದು ಯಾವ ವರ್ಷವೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಲೆಕ್ಕ ನನ್ನ ನಿದ್ದೆ ಕೆಡಿಸುವುದು ಎರೆಭೂತದಿಂದಾಗಿ. ಎರೆಮಣ್ಣಿನ ಬಯಲಲ್ಲಿ ತಿರುಗುವ ಈ ದೊಡ್ಡ ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಹೆಚ್ಚಿನವು ಜೈಸಲ್ಮೇರ್ ಕಡೆ. ರಾಣೆಬೆನ್ನೂರಿನಲ್ಲಿ ಇತ್ತು, ಅಲ್ಲಿನ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರು, ಈಗ ಇಲ್ಲ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳಲ್ಲಿ ಎಣಿಸುವಷ್ಟು. ಅಲ್ಲಿ ಒಬ್ಬ ಕುರಿಗಾಹಿ ಅಜ್ಜನನ್ನು ವಿಚಾರಿಸಿದೆ. "ಅದಾವ್ರಿ, ಮೊನ್ನೆ ಕಂಡಿತ್ತು" ಎಂದರು. ಮೊನ್ನೆ ಎಂದರೆ ಯಾವಾಗ ಅಜ್ಜಾ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಸಣ್ಣ ಮಗಳ ಮದುವಿ ಆದ ವರ್ಷ" ಎಂದರು. ಆ ಮಗಳ ಮಗಳು ಈಗ ಹೈಸ್ಕೂಲು.

ಇವತ್ತು ಎರೆಭೂತಕ್ಕೆ ದೊಡ್ಡ ಗಂಡಾಂತರ ವಿದ್ಯುತ್ ತಂತಿ. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಎದುರಿನದು ಸರಿಯಾಗಿ ಕಾಣದು, ಕಂಡರೂ ಆ ಭಾರದ ದೇಹ ಥಟ್ಟನೆ ಹೊರಳದು. ರಾಜಸ್ಥಾನ, ಗುಜರಾತಿನಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ಜೈಸಲ್ಮೇರಿನ ಕೇಂದ್ರಗಳಲ್ಲಿ ಮರಿ ಮಾಡಿಸುತ್ತಿರುವವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಮರಿ ಹುಟ್ಟಿದ್ದು ಸುದ್ದಿಯಾಗುತ್ತದೆ, ಬಲಿತ ಹೆಣ್ಣು ತಂತಿಗೆ ಬಡಿದು ಸತ್ತದ್ದು ಎಷ್ಟೋ ಸಲ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ನರಿ ನಾಯಿಗಳು ಬೆಳಗಾಗುವುದರೊಳಗೆ ಎಳೆದೊಯ್ದಿರುತ್ತವೆ. ಸಿರುಗುಪ್ಪದ ಬಯಲಿನ ಪ್ರತಿ ತಂತಿಯ ಕೆಳಗೂ ಯಾರಾದರೂ ವಾರಕ್ಕೊಮ್ಮೆ ನಡೆದು ನೋಡಿ ಬರೆದಿಡಬೇಕು. ಊರಿನ ಹುಡುಗರಿಗೇ ಕೂಲಿ ಕೊಟ್ಟು ಈ ಕೆಲಸ ಮಾಡಿಸಬಹುದು.