ಮಕ್ಕಳ ಕೀಲುವಾತ: ಮುಂಜಾನೆ ಹೇಗಿರುತ್ತೆ ಅಂತ ಕೇಳಿ

ಸಿಂಧನೂರು ಕಡೆಯ ಒಬ್ಬ ತಾಯಿ ರಾಯಚೂರಿನ ಒಪಿಡಿಯಲ್ಲಿ ಹೇಳಿದ್ದು ಇಷ್ಟು: "ಮುಂಜಾನೆ ಎದ್ದರ ಕುಂಟತಾಳ್ರಿ, ಎತ್ಕೋ ಅಂತ ಅಳತಾಳ. ಹೊತ್ತೇರಿದ ಮ್ಯಾಲ ಆಡಾಕ ಹೋಗತಾಳ." ಮಗುವಿಗೆ ಮೂರು ವರ್ಷ. ಎರಡು ತಿಂಗಳಿಂದ ಹೀಗೇ. ಬಿದ್ದಿರಬೇಕು ಅಂತ ಉಳುಕು ತೆಗೆಸಿದ್ದರು. ನೋವಿದೆಯಾ ಅಂದರೆ ಮಗು ಇಲ್ಲ ಅಂತ ತಲೆಯಾಡಿಸಿತು. ಚಿಕ್ಕ ಮಕ್ಕಳು ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ನಡೆಯುವುದನ್ನೇ ಬಿಡುತ್ತಾರೆ.

ಕೀಲುವಾತ 16 ವರ್ಷ ತುಂಬುವ ಮೊದಲು ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಜೆಐಎ. ಬರೀ ನೋವು ಸಾಲದು. ಕೀಲು ಊದಿರಬೇಕು, ಇಲ್ಲವೇ ಮಡಚಿ ಚಾಚುವುದು ಕಡಿಮೆಯಾಗಿ ಜೊತೆಗೆ ನೋವಿರಬೇಕು. ಮೊದಲ 6 ತಿಂಗಳಲ್ಲಿ 4 ಕೀಲುಗಳವರೆಗೆ ಆದರೆ ಆಲಿಗೋ (ಕೆಲವೇ ಕೀಲಿನ ಬಗೆ), 5 ಅಥವಾ ಹೆಚ್ಚಾದರೆ ಪಾಲಿ (ಹಲವು ಕೀಲಿನ ಬಗೆ).

ಎರಡೂ ಮಂಡಿ ಪಕ್ಕಪಕ್ಕ ಇಟ್ಟು ನೋಡಿ. ಈ ಮಗುವಿಗೆ ಮಂಡಿಚಿಪ್ಪಿನ ಒಳಬದಿಯ ಗುಳಿ ಒಂದು ಕಾಲಲ್ಲಿ ತುಂಬಿಕೊಂಡಿತ್ತು. ಅಂಗೈ ಹಿಂಭಾಗದಿಂದ ತೊಡೆ, ಮಂಡಿ, ಮೊಣಕಾಲ ಕೆಳಗೆ ಮುಟ್ಟುತ್ತಾ ಬನ್ನಿ. ಸರಿಯಾದ ಮಂಡಿ ಉಳಿದ ಕಡೆಗಿಂತ ತಣ್ಣಗಿರಬೇಕು. ಇವಳದು ಬೆಚ್ಚಗಿತ್ತು. ತೊಡೆಯೂ ಸ್ವಲ್ಪ ಸಣ್ಣಗಾಗಿತ್ತು, ಅಂದರೆ ಇದು ನಿನ್ನೆ ಮೊನ್ನೆಯದಲ್ಲ.

ನಾವು ವೈದ್ಯರೆಲ್ಲ ಎಡವುವುದು ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಯ ವಿಷಯದಲ್ಲಿ. ಜೆಐಎ ಮಕ್ಕಳಲ್ಲಿ ಅದು ಪಾಸಿಟಿವ್ ಬರುವುದು 100ರಲ್ಲಿ ಸುಮಾರು 5 ಜನರಿಗೆ ಮಾತ್ರ. ನೆಗೆಟಿವ್ ಬಂತು ಅಂತ ಮನೆಗೆ ಕಳಿಸಬೇಡಿ. ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಎಕ್ಸ್‌ರೇ ಕೂಡ ಶುರುವಿನಲ್ಲಿ ಸರಿಯಾಗಿಯೇ ಇರಬಹುದು.

ಬೇರೆ ಕಾರಣ ತಳ್ಳಿಹಾಕುವುದೇ ದೊಡ್ಡ ಕೆಲಸ. ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ, ಕಾಲೂರಲು ಆಗದಿದ್ದರೆ ಕೀಲೊಳಗೆ ಕೀವು ಅಂತಲೇ ತಿಳಿದು ಅವತ್ತೇ ಕೀಲಿನ ನೀರು ತೆಗೆದು ನೋಡಬೇಕು. ನಿಧಾನವಾಗಿ ಊದಿದ ಒಂಟಿ ಕೀಲಿಗೆ ನಮ್ಮ ಕಡೆ ಟಿಬಿ ಮರೆಯುವಂತಿಲ್ಲ. ಊತಕ್ಕಿಂತ ನೋವೇ ಜಾಸ್ತಿ, ರಾತ್ರಿ ಎದ್ದು ಅಳುವುದು, ಬಿಳಿಚಿಕೊಂಡ ಮುಖ ಇದ್ದರೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಅಲ್ಲ ಅಂತ ಖಚಿತವಾಗುವವರೆಗೆ ಸ್ಟೀರಾಯ್ಡ್ ಮುಟ್ಟಬೇಡಿ. ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಲ್ಲಿ ನೋವು ಕೀಲಿನಿಂದ ಕೀಲಿಗೆ ಹಾರುತ್ತದೆ. ಬೆಳವಣಿಗೆ ನೋವು ಸಂಜೆ, ರಾತ್ರಿ ಬಂದು ಮುಂಜಾನೆ ಇರುವುದೇ ಇಲ್ಲ. ಜೆಐಎಗೆ ಪೂರ್ತಿ ಉಲ್ಟಾ, ಅಲ್ವಾ?

ಜೆಐಎಯ ಸಿಸ್ಟಮಿಕ್, ಅಂದರೆ ಮೈಗೆಲ್ಲ ಹರಡುವ ಬಗೆಯಲ್ಲಿ ಎರಡು ವಾರವಾದರೂ ಜ್ವರ ಇರುತ್ತದೆ. ದಿನಾ ಏರಿ ಇಳಿಯುತ್ತದೆ, ಏರಿದಾಗ ಗಂಧೆ ಕಾಣಿಸಿ ಮಾಯವಾಗುತ್ತದೆ. ನಮ್ಮ ಮಕ್ಕಳ ಕಂದು ಚರ್ಮದಲ್ಲಿ ಅದು ಸುಲಭಕ್ಕೆ ಕಾಣದು. ಜ್ವರ ಇರುವಾಗಲೇ ಅಂಗಿ ಬಿಚ್ಚಿ ನೋಡಿ.

ಕಣ್ಣಿನ ಮಾತು ಬಾಕಿ ಇದೆ. ಆಲಿಗೋ ಮಕ್ಕಳಿಗೆ, ಅದರಲ್ಲೂ ಎಎನ್‌ಎ ಎಂಬ ರಕ್ತಪರೀಕ್ಷೆ ಪಾಸಿಟಿವ್ ಇದ್ದವರಿಗೆ, ಕಣ್ಣೊಳಗೆ ಉರಿಯೂತ ಸದ್ದಿಲ್ಲದೆ ಬರುತ್ತದೆ. ಕೆಂಪಾಗುವುದಿಲ್ಲ, ನೋಯುವುದಿಲ್ಲ. ಆ ಮಗುವಿನ ಕಣ್ಣೂ ನೋಡಲು ಸ್ವಚ್ಛವಾಗಿಯೇ ಇದ್ದವು. ಆದರೂ ಸ್ಲಿಟ್ ಲ್ಯಾಂಪ್ (ಕಣ್ಣೊಳಗೆ ದೊಡ್ಡದಾಗಿ ತೋರಿಸುವ ಉಪಕರಣ) ಪರೀಕ್ಷೆಗೆ ಅವತ್ತೇ ಚೀಟಿ ಬರೆದೆವು. ಕಣ್ಣು ತೋರಿಸಲು ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು ಅಂತ ತಾಯಿಗೆ ಎರಡು ಸಲ ಹೇಳಿದೆ.