ಬೋಲ್ಡ್ ಫಾಂಟನ್ನೇ ಹಿಂಡಿ ಕಿರಿದು ಮಾಡಿದರೆ ಸಾಲದೇ?

ಪ್ರಶ್ನೆ: ಪೋಸ್ಟರಿನ ತಲೆಬರಹಕ್ಕೆ ದಪ್ಪವಾದ, ಕಿರಿದಾದ, ಕಾರ್ಖಾನೆಯ ಗೋಡೆಬರಹದಂತೆ ಒರಟಾಗಿ ಕಾಣುವ ಅಕ್ಷರ ಬೇಕು. ಕೈಯಲ್ಲಿರುವ ಬೋಲ್ಡ್ ಫಾಂಟನ್ನು ಶೇ. 60ಕ್ಕೆ ಹಿಂಡಿ, ಮೇಲೊಂದು ಗೀರುಗೀರಾದ ಟೆಕ್ಸ್ಚರ್ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಹಿಂಡಿದಾಗ ಕುಗ್ಗುವುದು ಅಗಲ ಮಾತ್ರ. ನಿಂತ ಗೆರೆಗಳು ಸಣಕಲಾಗುತ್ತವೆ, ಮಲಗಿದ ಗೆರೆಗಳು ಮೊದಲಿನ ದಪ್ಪದಲ್ಲೇ ಉಳಿಯುತ್ತವೆ. ಇಂಗ್ಲಿಷಿನ ದೊಡ್ಡಕ್ಷರ ‘ಎಚ್’ ತೆಗೆದುಕೊಳ್ಳಿ. ಅದರ ಅಗಲ 720 ಯೂನಿಟ್ (ಫಾಂಟಿನೊಳಗಿನ ಅಳತೆಯ ಮಾನ) ಎಂದುಕೊಳ್ಳೋಣ: ಎರಡು ಕಂಬಗಳು ತಲಾ 160, ನಡುವಿನ ಬಿಳಿ 400, ಅಡ್ಡಪಟ್ಟಿಯ ದಪ್ಪ 130. ಶೇ. 60ಕ್ಕೆ ಹಿಂಡಿದರೆ ಒಟ್ಟು ಅಗಲ 432. ಕಂಬ 96ಕ್ಕೆ ಇಳಿಯುತ್ತದೆ, ಬಿಳಿ 240 ಆಗುತ್ತದೆ, ಅಡ್ಡಪಟ್ಟಿ ಮಾತ್ರ 130ರಲ್ಲೇ ನಿಲ್ಲುತ್ತದೆ. ಕಂಬಕ್ಕಿಂತ ಅಡ್ಡಪಟ್ಟಿಯೇ ದಪ್ಪ! ಅದೇ 432ರ ಅಗಲಕ್ಕೆ ಒಬ್ಬ ವಿನ್ಯಾಸಕ ಹೊಸದಾಗಿ ಬರೆದರೆ ಕಂಬವನ್ನು 150ರಷ್ಟು, ಬಿಳಿಯನ್ನು 132ರಷ್ಟು, ಅಡ್ಡಪಟ್ಟಿಯನ್ನು 120ರ ಆಸುಪಾಸಿನಲ್ಲಿ ಇಡುತ್ತಾನೆ. ಕಪ್ಪು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಒಳಗಿನ ಬಿಳಿ ಕರಗುತ್ತದೆ. ನೀವು ಹುಡುಕುತ್ತಿರುವ ಗಟ್ಟಿತನ ಇದೇ.

‘ಓ’ ಅಕ್ಷರದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಹಿಂಡಿದ ‘ಓ’ ಮೊಟ್ಟೆಯಾಕಾರಕ್ಕೆ ಬಂದು, ಪಕ್ಕಗಳು ತೆಳುವಾಗಿ ತಲೆ-ಬುಡ ಭಾರವಾಗುತ್ತವೆ. ಕಿರಿದಾಗಿಯೇ ಬರೆದ ‘ಓ’ಗೆ ಪಕ್ಕಗಳು ನೆಟ್ಟಗೆ ಇರುತ್ತವೆ, ನಾಲ್ಕು ಮೂಲೆಗಳಷ್ಟೇ ದುಂಡು. ಕೈಗಾರಿಕಾ ನೋಟಕ್ಕೆ ನಿಜವಾದ ಕಾರಣ ಈ ನೇರ ಪಕ್ಕಗಳು. ಗೀರು, ತುಕ್ಕು ಎಲ್ಲ ಆಮೇಲಿನ ಮಾತು.

ಮರದ ಅಚ್ಚು, ಸೀಸದ ಅಚ್ಚುಗಳ ಕಾಲದಲ್ಲಿ ಹಿಂಡುವ ದಾರಿಯೇ ಇರಲಿಲ್ಲ. ಡೇರಿಯಸ್ ವೆಲ್ಸ್ 1827ರಲ್ಲಿ ನ್ಯೂಯಾರ್ಕಿನಲ್ಲಿ ರೂಟರ್ ಯಂತ್ರದಿಂದ ಮರದ ಅಕ್ಷರ ಕೊರೆಯಲು ಶುರುಮಾಡಿದ ಮೇಲೆ ಪೋಸ್ಟರಿನ ದೈತ್ಯಾಕ್ಷರಗಳು ಅಗ್ಗವಾದವು, ಆದರೆ ಪ್ರತಿ ಅಗಲಕ್ಕೂ ಬೇರೆಯೇ ಅಕ್ಷರ ಕೊರೆಯಬೇಕಿತ್ತು. ಅಮೆರಿಕದ ಅಕ್ಷರ ವಿನ್ಯಾಸಕ ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಮಾಡಿದ ಆಲ್ಟರ್ನೇಟ್ ಗೋಥಿಕ್ ಎಂಬ ಅಚ್ಚಕ್ಷರ ಮೂರು ಅಗಲಗಳಲ್ಲಿ ಬಂತು. ತಲೆಬರಹ ಕಾಲಮ್ಮಿನಲ್ಲಿ ಹಿಡಿಸದಿದ್ದರೆ ಇನ್ನೊಂದು ಅಗಲಕ್ಕೆ ಹೋಗಬಹುದಿತ್ತು. ಇಂದು ಉಚಿತವಾಗಿ ಸಿಗುವ ಲೀಗ್ ಗೋಥಿಕ್ ಅದರ ಮೊದಲನೇ ಅಗಲದ ಮರುಹುಟ್ಟು. ಆ್ಯಂಟನ್, ಬೆಬಾಸ್ ನ್ಯೂಯೆ, ಆಸ್ವಾಲ್ಡ್ ಕೂಡ ಉಚಿತವೇ. ಒರಟು ಕೆಲಸಕ್ಕೆ ನನ್ನ ಆಯ್ಕೆ ಆ್ಯಂಟನ್. ಆಸ್ವಾಲ್ಡ್ ಸ್ವಲ್ಪ ಸೌಮ್ಯ.

ವೆಬ್ ಪುಟದಲ್ಲಿ ಒಂದು ಹಳ್ಳ ಇದೆ. ಬೆಬಾಸ್ ನ್ಯೂಯೆ, ಆ್ಯಂಟನ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಒಂದೇ ತೂಕದಲ್ಲಿ, ಅಂದರೆ ಗೆರೆಯ ಒಂದೇ ದಪ್ಪದಲ್ಲಿ, ಸಿಗುತ್ತವೆ, ಅದು 400. ವೆಬ್ ಪುಟದ ಕೋಡಿನಲ್ಲಿ ತಲೆಬರಹದ ಟ್ಯಾಗ್ ತಾನಾಗಿಯೇ ಬೋಲ್ಡ್ ಕೇಳುತ್ತದೆ. ಇಲ್ಲದ ಬೋಲ್ಡನ್ನು ಬ್ರೌಸರ್ ಅಂಚಿಗೆ ಕಪ್ಪು ಬಳಿದು ಹುಟ್ಟಿಸುತ್ತದೆ. ಮೊದಲೇ ಕಿರಿದಾದ ‘ಎ’, ‘ಆರ್’, ‘8’ರ ಕಿಂಡಿಗಳು ಮುಚ್ಚಿಹೋಗುತ್ತವೆ. ಪುಟದ ನೋಟ ತಿದ್ದುವ ಸಿಎಸ್‌ಎಸ್‌ ಕೋಡಿನಲ್ಲಿ ಫಾಂಟ್-ವೇಟ್ 400 ಎಂದು ಬರೆಯಿರಿ, ಸರಿಹೋಗುತ್ತದೆ.

ಅಕ್ಷರಗಳ ನಡುವಿನ ಜಾಗ ಅಕ್ಷರದೊಳಗಿನ ಬಿಳಿಗೆ ಹೊಂದಿಕೊಂಡಿರಬೇಕು. ದೊಡ್ಡ ಗಾತ್ರದಲ್ಲಿ ಟ್ರ್ಯಾಕಿಂಗ್ (ಈ ಜಾಗವನ್ನು ಹಿಗ್ಗಿಸಿ ಕುಗ್ಗಿಸುವ ಸೆಟ್ಟಿಂಗ್) 0ಯಿಂದ -10 ಸಾಕು. ಅದೇ ಫಾಂಟನ್ನು ಚಿಕ್ಕ ಗಾತ್ರದಲ್ಲಿ ಬಳಸಲೇಬೇಕಾದರೆ +20ರಿಂದ +40 ಕೊಡಿ, ಇಲ್ಲವಾದರೆ ಪದವೆಲ್ಲ ಒಂದೇ ಕಪ್ಪು ಪಟ್ಟಿಯಾಗುತ್ತದೆ. ಪ್ಯಾರಾಗಟ್ಟಲೆ ಬರಹಕ್ಕಂತೂ ಈ ಜಾತಿಯ ಫಾಂಟ್ ಬೇಡವೇ ಬೇಡ.

ಈಗ ಟೆಕ್ಸ್ಚರ್. ಗೀರುಗಳನ್ನು ಸೇರಿಸಿಯೇ ಬರುವ ಫಾಂಟಿನಲ್ಲಿ ‘ಸ್ಟೀಲ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಅಕ್ಕಪಕ್ಕದ ಎರಡು ‘ಇ’ಗಳಲ್ಲಿ ಅದೇ ಜಾಗದಲ್ಲಿ ಅದೇ ಗೀರು ಕಂಡರೆ ಸವೆತ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಒಳ್ಳೆಯ ಫಾಂಟುಗಳಲ್ಲಿ ಪ್ರತಿ ಅಕ್ಷರಕ್ಕೆ ಎರಡು ಮೂರು ರೂಪಗಳಿದ್ದು, ಓಪನ್‌ಟೈಪ್ ಫಾಂಟಿನ ‘ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್’ ಎಂಬ ಸೌಲಭ್ಯ ಆನ್ ಇದ್ದರೆ ಅವು ಅದಲುಬದಲಾಗುತ್ತವೆ. ಇದಕ್ಕಿಂತ ಒಳ್ಳೆಯದು, ಸ್ವಚ್ಛ ಫಾಂಟಿನಲ್ಲಿ ಪದ ಬರೆದು, ಇಡೀ ಪದದ ಮೇಲೆ ಒಂದೇ ಟೆಕ್ಸ್ಚರನ್ನು ಮಾಸ್ಕ್ ಆಗಿ (ಗೀರಿರುವಲ್ಲಿ ಅಕ್ಷರ ಮರೆಯಾಗುವಂತೆ) ಹಾಕುವುದು. ಆಗ ಒಂದು ಗೀರು ಎರಡು ಮೂರು ಅಕ್ಷರ ದಾಟಿ ಹೋಗುತ್ತದೆ, ನಿಜವಾಗಿ ಬಣ್ಣ ಸವೆದ ಹಾಗೆ.

ವಿನೈಲ್ ಕತ್ತರಿಸುವ ಪ್ಲಾಟರಿಗೆ ಮಾತ್ರ ಗೀರಿನ ಅಕ್ಷರ ಕಳಿಸಬೇಡಿ. ಒಂದೊಂದು ಅಕ್ಷರದಲ್ಲೂ ನೂರಾರು ನೋಡ್‌ಗಳು, ಅಂದರೆ ಅಂಚಿನ ಗೆರೆಯ ಬಿಂದುಗಳು, ಇರುತ್ತವೆ. ಬ್ಲೇಡ್ ತಡವರಿಸುತ್ತದೆ, ಸಣ್ಣ ಚೂರುಗಳು ಕಿತ್ತುಬರುತ್ತವೆ. ತಗಡಿನಲ್ಲಿ ತೂತು ಕೊರೆಸುವುದಾದರೆ ಸ್ಟೆನ್ಸಿಲ್ ರೂಪವೇ ಆಗಬೇಕು, ಒಳಭಾಗವನ್ನು ಹಿಡಿದಿಡುವ ಸೇತುವೆಯಿಲ್ಲದ ‘ಓ’ದ ನಡುಭಾಗ ಕಳಚಿ ಬೀಳುತ್ತದೆ.

ಕನ್ನಡ ತಲೆಬರಹಕ್ಕೂ ಇದೇ ಲೆಕ್ಕ. ಹಿಂಡಿದರೆ ತಲೆಕಟ್ಟು ದಪ್ಪಗೇ ಉಳಿದು, ದುಂಡು ಪಕ್ಕಗಳು ಸೊರಗುತ್ತವೆ. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ ‘ಅನೇಕ್ ಕನ್ನಡ’ ವೇರಿಯಬಲ್ ಫಾಂಟು, ಅಂದರೆ ಅಗಲ, ತೂಕಗಳನ್ನು ಬೇಕಾದಷ್ಟು ಹೊಂದಿಸಿಕೊಳ್ಳಬಲ್ಲ ಫಾಂಟು. ಅದರಲ್ಲಿ ಅಗಲವನ್ನು ಸಾಮಾನ್ಯ ಅಗಲವಾದ 100ರಿಂದ 75ರವರೆಗೆ ಇಳಿಸಬಹುದು, ತೂಕವನ್ನು 800ರವರೆಗೆ ಏರಿಸಬಹುದು, ಎರಡೂ ಕಡೆ ಗೆರೆ ಹದವಾಗಿಯೇ ಇರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳ ಸಾಲಂತರವನ್ನು ಅಕ್ಷರಗಾತ್ರದ ಶೇ. 90ಕ್ಕೆ ಇಳಿಸಿದರೂ ನಡೆಯುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶೇ. 120ರಿಂದ ಶುರುಮಾಡಿ, ನಿಮ್ಮ ತಲೆಬರಹದಲ್ಲಿ ಒತ್ತು ಇಲ್ಲದಿದ್ದರೆ ಮಾತ್ರ ಇನ್ನಷ್ಟು ಬಿಗಿ ಮಾಡಿ.