ಹಳೆಯ ಸ್ಪೋರ್ಟ್ಸ್ ಕಾರಿನ ಬಣ್ಣವನ್ನು ಎಷ್ಟು ಉಜ್ಜಬಹುದು?

ಕಪ್ಪು ಬಣ್ಣದ ಹಳೆಯ ಕಾರೊಂದನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ಬಾನೆಟ್ಟಿನಲ್ಲಿ ಮೂಡಿದ ಸೂರ್ಯನ ಪ್ರತಿಬಿಂಬವನ್ನು ಗಮನಿಸಿದರೆ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆಗಳು ವೃತ್ತ ವೃತ್ತವಾಗಿ ಹರಡಿರುವುದು ಕಾಣುತ್ತದೆ. ನೋಡುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪ್ರತಿಬಿಂಬವೂ ಸರಿಯುತ್ತದೆ, ಅದರ ಹಿಂದೆಯೇ ವೃತ್ತಗಳೂ ಸರಿಯುತ್ತವೆ. ಬಾನೆಟ್ಟಿನ ಮೇಲಿನ ಗೀರುಗಳು ಹೀಗೆ ಜಾಗ ಬದಲಿಸಲು ಸಾಧ್ಯವಿಲ್ಲ ಎಂದ ಮೇಲೆ, ಆ ವೃತ್ತಗಳು ಲೋಹದ ಮೇಲೆ ಇಲ್ಲವೆಂದೇ ಅರ್ಥ. ನಿಜವಾಗಿ ಅಲ್ಲಿರುವುದು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಬಿದ್ದ ಸಾವಿರಾರು ಗೀರುಗಳು. ಪ್ರತಿಯೊಂದು ಗೀರೂ ಒಂದು ಸೂಕ್ಷ್ಮ ಕಾಲುವೆಯಾಗಿದ್ದು, ತನ್ನ ಉದ್ದಕ್ಕೆ ಅಡ್ಡಲಾಗಿ ಮಾತ್ರ ಬೆಳಕನ್ನು ಚದುರಿಸುತ್ತದೆ. ಹೀಗಾಗಿ ಪ್ರತಿಬಿಂಬದಿಂದ ಹೊರಟ ತ್ರಿಜ್ಯಕ್ಕೆ ಲಂಬವಾಗಿರುವ ಗೀರುಗಳ ಬೆಳಕು ಮಾತ್ರ ನಮ್ಮ ಕಣ್ಣನ್ನು ತಲುಪುತ್ತದೆ, ಉಳಿದವು ಇದ್ದೂ ಕಾಣುವುದಿಲ್ಲ. ವರ್ಷಗಟ್ಟಲೆ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯನ್ನು ದೀಪದ ಕೆಳಗೆ ಹಿಡಿದವರಿಗೆ ಈ ದೃಶ್ಯ ಹೊಸದಲ್ಲ.

ಡೀಟೇಲಿಂಗ್, ಅಂದರೆ ಕಾರನ್ನು ಕೂಲಂಕಷವಾಗಿ ಸ್ವಚ್ಛಗೊಳಿಸಿ ಹೊಳಪು ಕೊಡುವ ಕೆಲಸ ಮಾಡುವವರು ಇವನ್ನು ಸ್ವರ್ಲ್ ಎನ್ನುತ್ತಾರೆ, ಇವನ್ನು ತೆಗೆಯುವ ಕೆಲಸವನ್ನು ಪೇಂಟ್ ಕರೆಕ್ಷನ್ ಎನ್ನುತ್ತಾರೆ. ಗೀರನ್ನು ತುಂಬಿ ಮುಚ್ಚುವ ಯಾವ ಶಾಶ್ವತ ಉಪಾಯವೂ ಈ ಕೆಲಸದಲ್ಲಿ ಇಲ್ಲ. ಗೀರಿನ ತಳದವರೆಗೆ ಅದರ ಸುತ್ತಲಿನ ಮೇಲ್ಮೈಯನ್ನೇ ಸವೆಸಿ ತಗ್ಗಿಸುವುದು ಒಂದೇ ದಾರಿ. ಹಾಗಾಗಿ ಪ್ರತಿ ಬಾರಿ ಹೊಳಪು ಬಂದಾಗಲೂ ಕಾರಿನ ಬಣ್ಣ ಅಷ್ಟಿಷ್ಟು ಖರ್ಚಾಗಿರುತ್ತದೆ. ಎಷ್ಟು ಖರ್ಚಾಯಿತು, ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕವೇ ಈ ವಿದ್ಯೆಯ ತಿರುಳು ಎಂದು ನನ್ನ ಅಭಿಪ್ರಾಯ.

ಒಂದು ನಿರ್ದಿಷ್ಟ ಕಾರನ್ನು ಎದುರಿಗಿಟ್ಟುಕೊಂಡರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. ಹೋಂಡಾ ಎಸ್2000 ಇದಕ್ಕೆ ಒಳ್ಳೆಯ ಉದಾಹರಣೆ. 1999ರಿಂದ 2009ರವರೆಗೆ ಜಪಾನಿನಲ್ಲಿ ತಯಾರಾದ ಈ ಎರಡು ಆಸನದ ತೆರೆದ ಕಾರಿನ ಮೊದಲ ಆವೃತ್ತಿಯ 2 ಲೀಟರ್ ಎಂಜಿನ್ ನಿಮಿಷಕ್ಕೆ 9,000 ಸುತ್ತುಗಳವರೆಗೆ ತಿರುಗುತ್ತಿತ್ತು. ಅಮೆರಿಕ ಮತ್ತು ಜಪಾನಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇವತ್ತಿಗೂ ಇದಕ್ಕೆ ಬೇಡಿಕೆಯಿದೆ. ಆದರೆ ಇಲ್ಲಿ ನಮಗೆ ಬೇಕಾದದ್ದು ಅದರ ಎಂಜಿನ್ನಲ್ಲ, ಮೈ. ಅದರ ಬಾಡಿ ಉಕ್ಕಿನದು, ಬಾನೆಟ್ ಅಲ್ಯುಮಿನಿಯಮ್ಮಿನದು, ಬಂಪರುಗಳು ಪ್ಲಾಸ್ಟಿಕ್ಕಿನವು. ಮೇಲಿನ ಬಣ್ಣ ಒಂದೇ ಆಗಿ ಕಂಡರೂ ಮೂರೂ ಕಡೆ ಉಜ್ಜುವ ಶಿಸ್ತು ಬೇರೆ ಬೇರೆ. ಇದರ ಜೊತೆಗೆ, ಈ ಕಂಪನಿಯ ಆ ಕಾಲದ ಬಣ್ಣ ಮೆದು ಎಂಬ ಹೆಸರು ಡೀಟೇಲಿಂಗ್ ಬಲ್ಲವರ ನಡುವೆ ಇದೆ, ಕಪ್ಪು ಕಾರಾದರಂತೂ ಮಾತೇ ಬೇಡ.

ಕಪ್ಪಿನಲ್ಲಿ ಗೀರು ಅಷ್ಟು ಎದ್ದು ಕಾಣಲು ಕಾರಣವಿದೆ. ಕಾರಿನ ಮೇಲಿನ ಪಾರದರ್ಶಕ ಪದರದ ವಕ್ರೀಭವನಾಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.5. ಇಂಥ ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ಮಾತ್ರ ಕನ್ನಡಿಯಂತೆ ಹಿಂದಿರುಗಿಸುತ್ತದೆ, ಮಿಕ್ಕದ್ದು ಒಳಗೆ ಹೋಗುತ್ತದೆ. ಕೆಳಗಿನ ಬಣ್ಣ ಬಿಳಿಯದಾದರೆ ಒಳಹೊಕ್ಕ ಬೆಳಕಿನ ಬಹುಪಾಲು ಎಲ್ಲ ದಿಕ್ಕಿಗೂ ಚದುರಿ ಹೊರಬರುವುದರಿಂದ, ಗೀರುಗಳು ಚದುರಿಸಿದ ಬೆಳಕು ಆ ಬೆಳ್ಳಗಿನ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಒಳಹೊಕ್ಕದ್ದನ್ನೆಲ್ಲ ನುಂಗುತ್ತದೆ, ಹಾಗಾಗಿ ಗೀರಿನ ಬೆಳಕಿಗೆ ಎದುರಾಳಿಯೇ ಇರುವುದಿಲ್ಲ. ಬಿಳಿ ಕಾರಿನ ಮೇಲೂ ಅಷ್ಟೇ ಗೀರುಗಳಿರುತ್ತವೆ, ಮಾಲೀಕರಿಗೆ ಗೊತ್ತಾಗುವುದಿಲ್ಲ ಅಷ್ಟೆ.

ಈಗ ದಪ್ಪದ ವಿಚಾರ. ಕಾರ್ಖಾನೆಯಲ್ಲಿ ಬಾಡಿಗೆ ಮೊದಲು ಫಾಸ್ಫೇಟ್ ಸಂಸ್ಕಾರ ನಡೆಯುತ್ತದೆ. ಬಳಿಕ ಅದನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಸುಮಾರು 20 ಮೈಕ್ರಾನ್ ಪದರವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಸುಮಾರು 15 ಮೈಕ್ರಾನಿನಷ್ಟು ಮಾತ್ರ ಇರುವ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ 40–50 ಮೈಕ್ರಾನಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಬರುತ್ತವೆ. ಎಲ್ಲ ಸೇರಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಾವು ಹೊಳಪು ಎನ್ನುವುದೆಲ್ಲ ಆ ಮೇಲಿನ ಪದರದ ಗುಣ. ಉಜ್ಜುವ ಕೆಲಸವೂ ಅಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿಯಬೇಕು.

ಕ್ಲಿಯರ್ ಕೋಟ್ ಬರೀ ಅಂದಕ್ಕೆ ಇರುವುದಲ್ಲ. ಅದರೊಳಗೆ ನೇರಳಾತೀತ ಕಿರಣಗಳನ್ನು ಹೀರುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ, ಕೆಳಗಿನ ಬಣ್ಣ ಮತ್ತು ಪ್ರೈಮರ್ ಬಿಸಿಲಿಗೆ ಕೆಡದಿರಲು ಅದೇ ಕಾವಲು. ಇಂಥ ಪದರ ಎಷ್ಟು ಕಿರಣವನ್ನು ಒಳಬಿಡುತ್ತದೆ ಎಂಬುದು ದಪ್ಪದ ಜೊತೆ ನೇರ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಸಮಾನ ದಪ್ಪದ ಪ್ರತಿ ತುಣುಕೂ ತನ್ನನ್ನು ತಲುಪಿದ ಕಿರಣದ ಸಮಾನ ಪಾಲನ್ನು ಹೀರುತ್ತದೆ. 40 ಮೈಕ್ರಾನ್ ಪದರವು ಒಂದು ತರಂಗಾಂತರದ ಕಿರಣದಲ್ಲಿ ನೂರಕ್ಕೆ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅದನ್ನು 30 ಮೈಕ್ರಾನಿಗೆ ಇಳಿಸಿದರೆ ಒಳಹೋಗುವುದು ಮೂರು ಪಾಲಿಗೂ ಹೆಚ್ಚು, 20ಕ್ಕೆ ಇಳಿಸಿದರೆ ಹತ್ತು ಪಾಲು. ಅರ್ಧ ದಪ್ಪ ಕಳೆದದ್ದಕ್ಕೆ ಹತ್ತು ಪಟ್ಟು ದಂಡ! ಹೀಗೆ ಅತಿಯಾಗಿ ಉಜ್ಜಿದ ಕಾರು ಷೋರೂಮಿನಿಂದ ಬಂದಂತೆ ಹೊಳೆದು, ಕೆಲವು ಬೇಸಿಗೆಗಳ ನಂತರ ಬಾನೆಟ್ ಮತ್ತು ಮೇಲ್ಛಾವಣಿಯಲ್ಲಿ ಬಿಳಿಚಿ ಸುಲಿಯತೊಡಗುತ್ತದೆ. ಅಂಥ ಸುಲಿತಕ್ಕೆ ಪಾಲಿಶ್ ಮದ್ದಲ್ಲ, ಹೊಸದಾಗಿ ಪೇಂಟ್ ಮಾಡಿಸಬೇಕು.

ಆದ್ದರಿಂದ ಹಳೆಯ ಕಾರಿಗೆ ಮೊದಲು ಮುಟ್ಟಿಸಬೇಕಾದದ್ದು ಪಾಲಿಶ್ ಯಂತ್ರವನ್ನಲ್ಲ, ದಪ್ಪ ಅಳೆಯುವ ಗೇಜನ್ನು. ಉಕ್ಕಿನ ಮೇಲೆ ಈ ಗೇಜ್ ಕಾಂತೀಯ ಪ್ರೇರಣೆಯಿಂದಲೂ ಅಲ್ಯುಮಿನಿಯಮ್ಮಿನ ಮೇಲೆ ಸುಳಿ ವಿದ್ಯುತ್ತಿನಿಂದಲೂ ಅಳೆಯುತ್ತದೆ. ಎಸ್2000ರ ಬಾಗಿಲು, ಬಾನೆಟ್ ಎರಡನ್ನೂ ಅಳೆಯಲು ಎರಡೂ ಬಗೆ ಇರುವ ಗೇಜ್ ಬೇಕು. ಪ್ಲಾಸ್ಟಿಕ್ ಬಂಪರಿಗೆ ಇವೆರಡೂ ಪ್ರಯೋಜನವಿಲ್ಲ, ಅಲ್ಲಿ ಶ್ರವಣಾತೀತ ಧ್ವನಿಯ ದುಬಾರಿ ಗೇಜ್ ಬೇಕಾಗುತ್ತದೆ. ಬಾಗಿಲಿನಲ್ಲಿ 115, ಬಾನೆಟ್ಟಿನಲ್ಲಿ 120 ತೋರಿಸಿದ ಗೇಜು ಹಿಂದಿನ ಬಲ ಫೆಂಡರಿನಲ್ಲಿ ಏಕಾಏಕಿ 290 ತೋರಿಸಿದರೆ, ಮಾರುವವರು ಏನೇ ಹೇಳಲಿ, ಆ ಭಾಗಕ್ಕೆ ಇನ್ನೊಮ್ಮೆ ಪೇಂಟ್ ಆಗಿದೆ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದು ತಿಳಿಯಬಹುದು. ಆದರೆ ಸಾಮಾನ್ಯ ಗೇಜು ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಅಂಕಿ ದೊಡ್ಡದಿದೆ ಎಂಬ ಧೈರ್ಯದಲ್ಲಿ ಉಜ್ಜಿ ಬಣ್ಣ ಕಿತ್ತುಕೊಂಡವರಿದ್ದಾರೆ.

ಅಳತೆಯ ನಂತರ ಸ್ವಚ್ಛತೆ. ಶಾಂಪೂ ಹಾಕಿ ತೊಳೆದ ಮೇಲೂ ಬಾಗಿಲಿನ ಕೆಳಭಾಗದಲ್ಲಿ, ಚಕ್ರಗಳ ಹಿಂದೆ ಅಂಗೈ ಸವರಿದರೆ ತರಿ ತರಿ ಹತ್ತುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣಗಳು ಬಿಸಿಯಾಗಿ ಬಂದು ಕೂತು, ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಇದಕ್ಕೆ ಸಿಂಪಡಿಸುವ ದ್ರಾವಣದಲ್ಲಿ ಥಯೋಗ್ಲೈಕೊಲೇಟ್ ಲವಣವಿರುತ್ತದೆ. ಅದು ಕಬ್ಬಿಣವನ್ನು ಹಿಡಿದು ಕರಗಿಸುವಾಗ ಬಾಗಿಲಿನ ಮೇಲೆ ನೇರಳೆ ಬಣ್ಣದ ಧಾರೆಗಳು ಇಳಿಯುತ್ತವೆ, ಗಂಧಕದ ಕೆಟ್ಟ ವಾಸನೆ ಹಬ್ಬುತ್ತದೆ. ಕೂದಲು ತೆಗೆಯುವ ಕ್ರೀಮಿನ ವಾಸನೆ ಬಲ್ಲವರು ಇದನ್ನು ಕೂಡಲೇ ಗುರುತಿಸಬಹುದು, ಏಕೆಂದರೆ ಅದರಲ್ಲಿರುವುದೂ ಇದೇ ಕುಲದ ರಾಸಾಯನಿಕ. ಉಳಿದ ಡಾಂಬರು, ಮರದ ಅಂಟು, ಪೇಂಟಿನ ತುಂತುರುಗಳನ್ನು ಕ್ಲೇ ಎಂಬ ಮೆತ್ತನೆಯ ಮುದ್ದೆ ಎತ್ತುತ್ತದೆ. ನುಣ್ಣನೆಯ ಸವೆಕದ ಪುಡಿ ಬೆರೆಸಿದ ಈ ಮುದ್ದೆಯನ್ನು ಜಾರುದ್ರವ ಸಿಂಪಡಿಸಿದ ಮೇಲೆಯೇ ಆಡಿಸಬೇಕು. ಕೆಳಗೆ ಬಿದ್ದ ಕ್ಲೇಯನ್ನು ಎತ್ತಿ ಮತ್ತೆ ಬಳಸುವುದು, ಕೈಯಾರೆ ಹೊಸ ಗೀರು ಎಳೆಯುವುದು ಎರಡೂ ಒಂದೇ.

ಪಾಲಿಶಿನೊಳಗಿನ ಸವೆಕದ ಕಣ ಸಾಮಾನ್ಯವಾಗಿ ಅಲ್ಯುಮಿನಿಯಮ್ ಆಕ್ಸೈಡ್, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ ಮಾಪಕದಲ್ಲಿ ಅದರ ಗಡಸುತನ 9. ರಸ್ತೆಯ ಧೂಳಿನಲ್ಲಿರುವ ಸ್ಫಟಿಕ ಶಿಲೆಯದು 7. ಕ್ಲಿಯರ್ ಕೋಟ್ ಒಂದು ಪ್ಲಾಸ್ಟಿಕ್ಕಾದ್ದರಿಂದ ಎರಡಕ್ಕೂ ಸೋಲುತ್ತದೆ. ಅದನ್ನು ಹಾಳು ಮಾಡುವುದು, ಸರಿ ಮಾಡುವುದು ಎರಡೂ ಸವೆತವೇ. ಕಣದ ಗಾತ್ರ, ಒತ್ತಡ ಮತ್ತು ದಿಕ್ಕು ನಮ್ಮ ಹತೋಟಿಯಲ್ಲಿವೆಯೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ. ಗ್ಯಾರೇಜಿನವರ 2000 ನಂಬರಿನ ವಾಟರ್ ಪೇಪರಿನ ಕಣ ಸುಮಾರು 10 ಮೈಕ್ರಾನ್. ಅದನ್ನು ಇಡೀ ಕಾರಿಗೆ ಎಳೆಯುವ ಪದ್ಧತಿ 20 ವರ್ಷ ಹಳೆಯ, ತೆಳುವಾದ ಕಾರ್ಖಾನೆ ಬಣ್ಣಕ್ಕೆ ಸಲ್ಲದು.

ಎಲ್ಲಕ್ಕಿಂತ ಸೌಮ್ಯವಾದ ಪ್ಯಾಡು, ಸೌಮ್ಯವಾದ ಪಾಲಿಶಿನಿಂದ ಶುರು ಮಾಡುವುದು ಈ ಕಸುಬಿನ ಒಳ್ಳೆಯ ನಿಯಮ. ಬಾನೆಟ್ಟಿನ ಮೇಲೆ ಒಂದೂವರೆ ಅಡಿ ಚೌಕವನ್ನು ಟೇಪಿನಿಂದ ಗುರುತಿಸಿ, ಫೋಮ್ ಪ್ಯಾಡಿಗೆ ನಾಲ್ಕಾರು ಹನಿ ಪಾಲಿಶ್ ಹಾಕಿ, ಮೊದಲು ಅಡ್ಡಸಾಲು, ಆಮೇಲೆ ಉದ್ದಸಾಲು ಹೀಗೆ ನಿಧಾನವಾಗಿ ಯಂತ್ರವನ್ನು ನಡೆಸುತ್ತಾರೆ. ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಪ್ಯಾಡಿನ ಕೇಂದ್ರವೇ 15 ಅಥವಾ 21 ಮಿಲಿಮೀಟರ್ ವ್ಯಾಸದ ಸಣ್ಣ ವೃತ್ತದಲ್ಲಿ ಓಡಾಡುತ್ತಿರುತ್ತದೆ, ಪ್ಯಾಡು ಬೇರಿಂಗಿನ ಮೇಲೆ ತನ್ನಷ್ಟಕ್ಕೆ ತಿರುಗುತ್ತದೆ. ಹೆಚ್ಚು ಒತ್ತಿದರೆ ಈ ತಿರುಗಾಟ ನಿಂತು ಕಂಪನ ಮಾತ್ರ ಉಳಿಯುತ್ತದೆ, ಕೆಲಸ ಸಾಗುವುದಿಲ್ಲ. ಇದನ್ನು ಕಂಡುಹಿಡಿಯಲು ಅನುಭವಿಗಳು ಪ್ಯಾಡಿನ ಹಿಂದಿನ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಕಪ್ಪು ಗೆರೆ ಎಳೆದಿರುತ್ತಾರೆ. ಎಸ್2000ರ ಫೆಂಡರಿನ ಉಬ್ಬಿನ ಮೇಲೆ ಯಂತ್ರ ಏರುತ್ತಿದ್ದಂತೆ ಆ ಗೆರೆ ನಿಧಾನವಾಗುವುದು ಕಣ್ಣಿಗೇ ಕಾಣುತ್ತದೆ, ಆಗ ಕೈಯ ಭಾರವನ್ನು ಸಡಿಲಿಸಬೇಕು. ಹಳೆಯ ರೋಟರಿ ಯಂತ್ರ ಇದಕ್ಕಿಂತ ಬೇಗ ಸವೆಸುತ್ತದೆ. ಆದರೆ ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಸಾಗುವುದರಿಂದ, ನುರಿಯದ ಕೈಯಲ್ಲಿ ಅದು ಬಿಸಿಲಿಗೆ ತೇಲುವ ಹಾಲೊಗ್ರಾಮ್ ಪಟ್ಟೆಗಳನ್ನು ಬಿಟ್ಟುಹೋಗುತ್ತದೆ.

ಘರ್ಷಣೆಯ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಅಲ್ಯುಮಿನಿಯಮ್ ಬಾನೆಟ್ ಅದನ್ನು ಕ್ಷಣದಲ್ಲಿ ಹರಡಿಬಿಡುತ್ತದೆ, ಉಕ್ಕು ಸಾಕಷ್ಟು ಹರಡುತ್ತದೆ. ಬಂಪರಿನ ಪ್ಲಾಸ್ಟಿಕ್ಕಿನ ಉಷ್ಣವಾಹಕತೆ ಉಕ್ಕಿನದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿ ಶಾಖ ಬಣ್ಣದಲ್ಲೇ ಕೂತು ಕ್ಲಿಯರ್ ಕೋಟನ್ನು ಮೆತ್ತಗಾಗಿಸಿ ಮುದುಡಿಸುತ್ತದೆ. ಇನ್ನು ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಹಸಿ ಬಣ್ಣವನ್ನು ಮೇಲ್ಮೈ ಎಳೆತ ಪಕ್ಕಕ್ಕೆ ಸರಿಸಿರುತ್ತದೆ, ಹಾಗಾಗಿ ಹುಟ್ಟಿನಿಂದಲೇ ಅಲ್ಲಿ ಪದರ ತೆಳು. ಪ್ಯಾಡಿನ ಒತ್ತಡವೆಲ್ಲ ಆ ಸಣ್ಣ ಜಾಗಕ್ಕೇ ಬೀಳುವುದರಿಂದ ಅಂಚುಗಳಿಗೆ ಟೇಪ್ ಹಚ್ಚಿ ಬಿಟ್ಟುಬಿಡುವುದು ವಾಸಿ.

ಚೌಕ ಮುಗಿದ ಮೇಲೆ ಬಟ್ಟೆಯಿಂದ ಒರೆಸಿ, ಹೊಳೆಯಿತೆಂದು ಸಂತೋಷಪಟ್ಟರೆ ಮೋಸಹೋಗುವ ಸಾಧ್ಯತೆಯಿದೆ. ಪಾಲಿಶಿನಲ್ಲಿರುವ ಎಣ್ಣೆಗಳ ವಕ್ರೀಭವನಾಂಕ ಕ್ಲಿಯರ್ ಕೋಟಿನದಕ್ಕೆ ತೀರ ಹತ್ತಿರ. ಗೀರಿನ ಕಾಲುವೆಯಲ್ಲಿ ಎಣ್ಣೆ ತುಂಬಿದಾಗ ಬೆಳಕಿಗೆ ಅಲ್ಲಿ ಗೋಡೆ ಇರುವುದೇ ತಿಳಿಯುವುದಿಲ್ಲ, ಗೀರು ಮಾಯವಾದಂತೆ ಕಾಣುತ್ತದೆ. ಮಾರಾಟಕ್ಕೆ ಮುನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಗ್ಲೇಜ್ ಬಳಿದು ನಿಲ್ಲಿಸುವುದರ ಹಿಂದಿರುವುದು ಇದೇ ಭೌತಶಾಸ್ತ್ರ. ಕೊಂಡವರು ಕೆಲವು ಸಲ ತೊಳೆಯುವಷ್ಟರಲ್ಲಿ ಗೀರುಗಳೆಲ್ಲ ಮರಳಿರುತ್ತವೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಎಣ್ಣೆ ತೆಗೆದು, ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಕಾಣುವುದೇ ನಿಜ. ಬೆಳಕಿನ ತರಂಗಾಂತರದ ಎಂಟನೇ ಒಂದು ಭಾಗಕ್ಕಿಂತ, ಎಂದರೆ ಹಸಿರು ಬೆಳಕಿಗೆ ಸುಮಾರು 70 ನ್ಯಾನೊಮೀಟರಿಗಿಂತ ಕಡಿಮೆ ಏರಿಳಿತವಿರುವ ಮೇಲ್ಮೈ ನುಣುಪಾದದ್ದು ಎಂಬುದು ಭೌತವಿಜ್ಞಾನಿ ಲಾರ್ಡ್ ರೇಲಿಯ ಹೆಸರಿನ ಮಾನದಂಡ. ಕೊನೆಯ ಸುತ್ತಿನ ನುಣ್ಣನೆಯ ಪಾಲಿಶ್ ಗೀರುಗಳನ್ನು ಪೂರ್ತಿ ಅಳಿಸುವುದಿಲ್ಲ, ಬೆಳಕಿಗೆ ಲೆಕ್ಕಕ್ಕೆ ಬಾರದಷ್ಟು ಅವನ್ನು ಕಿರಿದಾಗಿಸುತ್ತದೆ.

ಉಗುರು ಅಡ್ಡ ಎಳೆದಾಗ ಸಿಕ್ಕಿಹಾಕಿಕೊಳ್ಳುವ ಗೀರುಗಳನ್ನು ಬಹುಪಾಲು ಹಾಗೆಯೇ ಬಿಡಬೇಕು. ಅವುಗಳ ಏಣುಗಳನ್ನು ಪಾಲಿಶಿನಿಂದ ದುಂಡಗೆ ಮಾಡಿದರೆ ಮಿಂಚು ಕಡಿಮೆಯಾಗುತ್ತದೆ, ಅಷ್ಟು ಸಾಕು. ಸ್ವರ್ಲ್‌ಗಳಲ್ಲಿ ಹತ್ತಕ್ಕೆ ಎಂಟು ಹೋದರೂ ಕಾರಿನ ರೂಪವೇ ಬದಲಾಗುತ್ತದೆ. ಮಿಕ್ಕ ಎರಡರ ಬೆನ್ನು ಹತ್ತಿ ಮತ್ತಷ್ಟು ಕ್ಲಿಯರ್ ಕೋಟ್ ಕಳೆಯುವುದು ಪ್ರದರ್ಶನಕ್ಕೆ ನಿಲ್ಲುವ ಕಾರಿಗೆ ಸರಿ, ಓಡಿಸುವ ಕಾರಿಗೆ ದಂಡ.

ಇದರ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗಿನ ಬಗ್ಗೆ ಮಾರುಕಟ್ಟೆಯಲ್ಲಿ ಮಾತು ಬಹಳ. 9 ಎಚ್ ಎಂದು ಡಬ್ಬಿಯ ಮೇಲೆ ಬರೆದಿರುವುದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಅಂಕಿಯೇ ಹೊರತು ಮೋಸ್ ಮಾಪಕದ 9 ಅಲ್ಲ. ಅದು ನೀರು ಜಾರಿಸುತ್ತದೆ, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ. ಒಂದೆರಡು ಮೈಕ್ರಾನಿನ ಆ ಪದರ ಮರಳಿನ ಕಣವನ್ನು ತಡೆಯುತ್ತದೆ ಎಂದು ನಂಬಬಾರದು.

ಗೀರು ಮತ್ತೆ ಹುಟ್ಟುವುದು ತೊಳೆಯುವಾಗಲೇ. ಅಮೆರಿಕದಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಬ್ರಷ್ ಯಂತ್ರಗಳು ಮಾಡುವ ಹಾನಿಯನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಬೆಳಗಿನ ಹೊತ್ತು ಹತ್ತು ಕಾರು ಒರೆಸುವ ಪದ್ಧತಿ ಮಾಡುತ್ತದೆ. ಜೊತೆಗೆ ಕೊಳವೆಬಾವಿಯ ಗಡಸು ನೀರು ಬಿಸಿಲಿಗೆ ಆರಿ ಸುಣ್ಣದ ಕಲೆ ಬಿಡುತ್ತದೆ. ಮೊದಲು ಧಾರೆ ನೀರಿನಿಂದ ಮಣ್ಣು ಇಳಿಸಿ, ಶಾಂಪೂ ಬಕೆಟ್ ಬೇರೆ, ಬಟ್ಟೆ ಜಾಲಿಸುವ ಬಕೆಟ್ ಬೇರೆ ಇಟ್ಟುಕೊಂಡು, ನೆರಳಿನಲ್ಲಿ ತೊಳೆದು, ಮೈಕ್ರೊಫೈಬರ್ ಟವೆಲ್ಲಿನಿಂದ ನೀರನ್ನು ಒತ್ತಿ ತೆಗೆದರೆ ಮುಂದಿನ ಕರೆಕ್ಷನ್ ವರ್ಷಗಟ್ಟಲೆ ದೂರ ಹೋಗುತ್ತದೆ. ಪಾಲಿಶಿಗೆ ಮೊದಲು ಮತ್ತು ನಂತರ ಪ್ರತಿ ಭಾಗದಲ್ಲಿ ಗೇಜು ತೋರಿಸಿದ ಅಂಕಿಗಳನ್ನು ಬರೆದು ಸರ್ವಿಸ್ ಪುಸ್ತಕದೊಳಗೆ ಇಟ್ಟರೆ, ಆ ಕಾರನ್ನು ಮುಂದೆ ಕೊಳ್ಳುವವರಿಗೆ ಇನ್ನು ಎಷ್ಟು ಉಜ್ಜಬಹುದು ಎಂಬುದನ್ನು ಊಹಿಸುತ್ತ ಕೂರುವ ಕಷ್ಟ ಇರುವುದಿಲ್ಲ.